ವರ್ಡ್‌ಪ್ರೆಸ್ ಪ್ಲಗಿನ್‌ಗೆ ಸಂಪರ್ಕ ಸಿಗದಿದ್ದಾಗ: ಸರ್ವರ್ ನೆಟ್‌ವರ್ಕ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಿನ್ನೆಯವರೆಗೆ ನೆಟ್ಟಗೆ ನಡೆಯುತ್ತಿದ್ದ ಪ್ಲಗಿನ್ ಇವತ್ತು ಬೆಳಿಗ್ಗೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎನ್ನುತ್ತದೆ. ಪರವಾನಗಿ ಕೀಲಿ ಒಪ್ಪಿಗೆಯಾಗುವುದಿಲ್ಲ, ಬ್ಯಾಕಪ್ ಹೋಗುವುದಿಲ್ಲ, ಹಣ ಕಟ್ಟಿದ ಗ್ರಾಹಕರ ಆರ್ಡರ್ ‘ಬಾಕಿ’ ಎಂದೇ ಉಳಿಯುತ್ತದೆ. ಆಗ ಬಹುತೇಕರು ಮಾಡುವುದು ಒಂದೇ ಕೆಲಸ: ಪ್ಲಗಿನ್ ತೆಗೆದು ಮತ್ತೆ ಹಾಕುವುದು. ಕಾರಣ ಸರ್ವರ್‌ನ ನೆಟ್‌ವರ್ಕ್‌ನಲ್ಲಿದ್ದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎಷ್ಟೋ ಸಲ ಮತ್ತೆ ಹಾಕುವ ಗಡಿಬಿಡಿಯಲ್ಲಿ ಪ್ಲಗಿನ್‌ನ ಹಳೆಯ ಸೆಟ್ಟಿಂಗ್‌ಗಳೂ ಕಳೆದುಹೋಗುತ್ತವೆ. ಸಣ್ಣ ಅಂಗಡಿ, ಶಾಲೆ, ಪ್ರಕಾಶನಗಳ ಜಾಲತಾಣ ನೋಡಿಕೊಳ್ಳುವ ಕೆಲಸದಲ್ಲಿ ನನಗೆ ಬಂದ ಪ್ರಶ್ನೆಗಳನ್ನೂ ಅವಕ್ಕೆ ಕಂಡುಕೊಂಡ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ತಪ್ಪು ಪ್ಲಗಿನ್‌ನದೋ ಸರ್ವರ್‌ನದೋ ಎಂದು ಮೊದಲು ತಿಳಿಯುವುದು ಹೇಗೆ?

ಯಾರು ಯಾರನ್ನು ಕರೆಯುವಾಗ ಮಾತು ನಿಂತಿತು ಎಂದು ಕೇಳಿಕೊಳ್ಳಿ. ಕರೆಗಳಲ್ಲಿ ಮೂರು ಬಗೆ. ನಿಮ್ಮ ಸರ್ವರ್ ಹೊರಗಿನವರನ್ನು ಕರೆಯುವುದು ಒಂದು. ಪರವಾನಗಿ ಪರಿಶೀಲನೆ, ಅಪ್‌ಡೇಟ್, ಮೇಲ್, ಬ್ಯಾಕಪ್ ಈ ಗುಂಪಿಗೆ ಸೇರುತ್ತವೆ. ಹೊರಗಿನವರು ನಿಮ್ಮ ಸರ್ವರನ್ನು ಕರೆಯುವುದು ಇನ್ನೊಂದು. ಪೇಮೆಂಟ್ ಗೇಟ್‌ವೇ ಹಣ ಬಂದ ಸುದ್ದಿ ತಿಳಿಸಲು ಕಳುಹಿಸುವ ವೆಬ್‌ಹುಕ್ ಎಂಬ ಕರೆ ಈ ಬಗೆಯದು. ಮೂರನೆಯದು ಸರ್ವರ್ ತನ್ನನ್ನೇ ತಾನು ಕರೆದುಕೊಳ್ಳುವುದು. ನಿಗದಿತ ಸಮಯಕ್ಕೆ ಲೇಖನ ಪ್ರಕಟವಾಗುವುದು ಇದರಿಂದ. ಪ್ರತಿಯೊಂದಕ್ಕೂ ಕೆಡುವ ಕಾರಣ ಬೇರೆ, ನೋಡಬೇಕಾದ ಲಾಗ್ (ಘಟನೆಗಳ ದಾಖಲೆ) ಬೇರೆ. ಯಾವ ಬಗೆ ಎಂದು ಗೊತ್ತಾಗದೆ ಸೆಟ್ಟಿಂಗ್ ಮುಟ್ಟಬೇಡಿ.

ವರ್ಡ್‌ಪ್ರೆಸ್‌ನ ‘ಟೂಲ್ಸ್’ ಪಟ್ಟಿಯಲ್ಲಿ ‘ಸೈಟ್ ಹೆಲ್ತ್’ ಎಂಬ ಪುಟವಿದೆ. 2019ರಲ್ಲಿ ಬಂದ 5.2ನೇ ಆವೃತ್ತಿಯಿಂದ ಎಲ್ಲ ತಾಣಗಳಲ್ಲೂ ಇದೆ, ಆದರೆ ತೆರೆದು ನೋಡುವವರು ಕಡಿಮೆ. ವರ್ಡ್‌ಪ್ರೆಸ್‌ನ ಕೇಂದ್ರ ಸರ್ವರ್‌ಗೆ ದಾರಿ ಇದೆಯೇ, ತನ್ನನ್ನೇ ತಾನು ಕರೆಯಲು ಆಗುತ್ತದೆಯೇ, ಬೇರೆ ತಂತ್ರಾಂಶಗಳು ತಾಣದೊಡನೆ ಮಾತಾಡುವ ರೆಸ್ಟ್ ಎಪಿಐ ಉತ್ತರಿಸುತ್ತದೆಯೇ ಎಂಬ ಮೂರೂ ಅಲ್ಲಿ ಪರೀಕ್ಷೆಯಾಗುತ್ತವೆ. ಕೇಂದ್ರ ಸರ್ವರ್‌ಗೇ ದಾರಿ ಇಲ್ಲ ಎಂದು ಬಂದರೆ ನಿಮ್ಮ ಪ್ಲಗಿನ್ ನಿರಪರಾಧಿಯೆಂದು ಬಹುಮಟ್ಟಿಗೆ ನಂಬಬಹುದು.

ಇನ್ನೊಂದು ಸುಳಿವು. ಆ ಕಡೆಯಿಂದ 401, 403, 429 ಇಂಥ ಸಂಖ್ಯೆಯ ಉತ್ತರ ಬಂದಿದ್ದರೆ ದಾರಿ ತೆರೆದೇ ಇದೆ; ಆ ಕಡೆಯವರು ಬಾಗಿಲಲ್ಲಿ ನಿಲ್ಲಿಸಿದ್ದಾರೆ ಅಷ್ಟೇ. ಕೀಲಿ, ಅನುಮತಿ, ದಿನದ ಮಿತಿ ಇವುಗಳನ್ನು ನೋಡಿ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು, ಉತ್ತರವೇ ಬಾರದೆ ಹೋದ ಸಂದರ್ಭಕ್ಕೆ.

‘ಕರ್ಲ್ ಎರರ್’ ಎಂದು ಒಂದು ಸಂಖ್ಯೆ ತೋರಿಸುತ್ತದೆ. ಅದರ ಅರ್ಥವೇನು?

ವರ್ಡ್‌ಪ್ರೆಸ್ ಹೊರಗಿನ ಕರೆಗಳಿಗೆ ಸಾಮಾನ್ಯವಾಗಿ ಬಳಸುವುದು ಕರ್ಲ್ ಎಂಬ ತಂತ್ರಾಂಶವನ್ನು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಆ ಹೆಸರಿನಲ್ಲಿ ಹೊರತಂದ ಈ ತಂತ್ರಾಂಶ ಪ್ರತಿ ವೈಫಲ್ಯಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯೇ ಅರ್ಧ ರೋಗನಿರ್ಣಯ. 6 ಎಂದರೆ ಡೊಮೈನ್ ಹೆಸರಿಗೆ ಐಪಿ ವಿಳಾಸ (ಜಾಲದಲ್ಲಿ ಆ ಯಂತ್ರದ ಸಂಖ್ಯೆ) ಸಿಗಲಿಲ್ಲ. 7 ಎಂದರೆ ವಿಳಾಸ ಸಿಕ್ಕಿತು, ಸಂಪರ್ಕ ಕೂಡಿಬರಲಿಲ್ಲ. 28 ಎಂದರೆ ಕಾದು ಕಾದು ಸಮಯ ಮುಗಿಯಿತು. 35 ಎಂದರೆ ಸುರಕ್ಷಿತ ಸಂಪರ್ಕದ ಮಾತುಕತೆಯೇ ಮುರಿದುಬಿತ್ತು. 60 ಎಂದರೆ ಆ ಕಡೆಯವರ ಗುರುತಿಗೆ ಸಾಕ್ಷಿಯಾದ ಪ್ರಮಾಣಪತ್ರವನ್ನು ನಿಮ್ಮ ಸರ್ವರ್ ನಂಬಲಿಲ್ಲ. 77 ಎಂದರೆ ನಂಬಿಕೆಗೆ ಆಧಾರವಾದ ಪ್ರಮಾಣಪತ್ರಗಳ ಕಡತವನ್ನೇ ಓದಲಾಗಲಿಲ್ಲ.

ಸಂಖ್ಯೆಯನ್ನಷ್ಟೇ ಬರೆದುಕೊಂಡರೆ ಸಾಲದು. ಅದರ ಮುಂದಿರುವ ಇಡೀ ವಾಕ್ಯವನ್ನು ನಕಲು ಮಾಡಿಟ್ಟುಕೊಳ್ಳಿ. ಏಕೆಂದು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

28 ಎಂದು ಬರುತ್ತದೆ, ಜೊತೆಗೆ ‘5000 ಮಿಲಿಸೆಕೆಂಡ್’ ಎಂದಿರುತ್ತದೆ. ಆದರೆ ಒಂದು ಪ್ಲಗಿನ್ ಮಾತ್ರ ಕೆಡುತ್ತದೆ, ಉಳಿದವು ಸರಿಯಿವೆ. ಹಾಗಿದ್ದರೆ ಪ್ಲಗಿನ್‌ನದೇ ತಪ್ಪಲ್ಲವೇ?

ನನಗೂ ಹಾಗೆಯೇ ಅನಿಸಿತ್ತು. ಧಾರವಾಡದ ಒಂದು ಪುಸ್ತಕ ಮಳಿಗೆಯ ತಾಣ ಅದು. ಕೊರಿಯರ್ ದರ ತೋರಿಸುವ ಪ್ಲಗಿನ್ ದಿನಕ್ಕೆ ಹತ್ತಾರು ಸಲ ಸೋಲುತ್ತಿತ್ತು, ಗ್ರಾಹಕರು ಪುಸ್ತಕಗಳನ್ನು ಬುಟ್ಟಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಪೇಮೆಂಟ್ ಪ್ಲಗಿನ್ ಮಾತ್ರ ನಿಧಾನವಾದರೂ ಕೆಲಸ ಮಾಡುತ್ತಿತ್ತು. ಮಳಿಗೆಯವರು ಕೊರಿಯರ್ ಪ್ಲಗಿನ್ನನ್ನು ನಾಲ್ಕು ಸಲ ತೆಗೆದು ಹಾಕಿದ್ದರು.

ಲಾಗ್‌ನಲ್ಲಿದ್ದ ಪೂರ್ತಿ ವಾಕ್ಯವನ್ನು ಓದಿದಾಗ ವಿಷಯ ತಿಳಿಯಿತು. ಸಮಯ ಮುಗಿದದ್ದು ಸಂಪರ್ಕಕ್ಕೆ ಕಾಯುವಾಗಲ್ಲ, ಹೆಸರನ್ನು ಬಿಡಿಸುವಾಗ. ಇಂಗ್ಲಿಷಿನಲ್ಲಿ ‘ರಿಸಾಲ್ವಿಂಗ್ ಟೈಮ್ಡ್ ಔಟ್’ ಎಂದಿತ್ತು. ಅಂದರೆ ಡೊಮೈನ್ ಹೆಸರಿಗೆ ವಿಳಾಸ ಹುಡುಕುವ ಹಂತದಲ್ಲೇ ಐದು ಸೆಕೆಂಡು ಕಳೆದುಹೋಗಿತ್ತು. ಸರ್ವರ್‌ನ ‘ಇಟಿಸಿ’ ಫೋಲ್ಡರಿನಲ್ಲಿ ‘ರಿಸಾಲ್ವ್.ಕಾನ್ಫ್’ ಎಂಬ ಪುಟ್ಟ ಕಡತವಿರುತ್ತದೆ. ಹೆಸರುಗಳ ವಿಳಾಸವನ್ನು ಯಾರ ಬಳಿ ಕೇಳಬೇಕು ಎಂಬುದು ಅಲ್ಲಿ ಸಾಲುಸಾಲಾಗಿ ಬರೆದಿರುತ್ತದೆ; ಮೂರು ಸಾಲುಗಳವರೆಗೆ ಲೆಕ್ಕಕ್ಕೆ ಬರುತ್ತವೆ. ಆ ಮಳಿಗೆಯ ಸರ್ವರ್‌ನಲ್ಲಿ ಎರಡು ಸಾಲುಗಳಿದ್ದವು. ‘ಡಿಗ್’ ಆದೇಶದಿಂದ ಒಂದೊಂದನ್ನೇ ಕೇಳಿ ನೋಡಿದೆ. ಎರಡನೆಯದು 18 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟಿತು. ಮೊದಲನೆಯದರಿಂದ ಉತ್ತರವೇ ಇಲ್ಲ. ಹೋಸ್ಟಿಂಗ್‌ನವರು ಆ ಹಳೆಯ ಡಿಎನ್‌ಎಸ್ ಸರ್ವರನ್ನು, ಅಂದರೆ ಹೆಸರಿಗೆ ವಿಳಾಸ ಹೇಳುವ ಸರ್ವರನ್ನು, ಎಂದೋ ನಿಲ್ಲಿಸಿದ್ದರು, ಸಾಲು ಹಾಗೆಯೇ ಉಳಿದಿತ್ತು.

ಲಿನಕ್ಸ್ ಸಾಮಾನ್ಯವಾಗಿ ಮೊದಲ ಡಿಎನ್‌ಎಸ್ ಸರ್ವರ್‌ಗಾಗಿ ಐದು ಸೆಕೆಂಡು ಕಾಯುತ್ತದೆ. ಆಮೇಲೆ ಎರಡನೆಯದರ ಬಳಿ ಹೋಗುತ್ತದೆ. ಪ್ಲಗಿನ್ ತಾನಾಗಿ ಬೇರೆ ಅವಧಿ ಹೇಳದಿದ್ದರೆ ವರ್ಡ್‌ಪ್ರೆಸ್ ಇಡೀ ಕರೆಗೆ ಕೊಡುವ ಅವಧಿಯೂ ಐದೇ ಸೆಕೆಂಡು. ಎರಡನೇ ಸರ್ವರ್‌ನ ಬಾಗಿಲು ತಟ್ಟುವ ಹೊತ್ತಿಗೆ ವರ್ಡ್‌ಪ್ರೆಸ್ ಕೈಚೆಲ್ಲಿರುತ್ತದೆ. ಪೇಮೆಂಟ್ ಪ್ಲಗಿನ್ ಬರೆದವರು ಅವಧಿಯನ್ನು 60 ಸೆಕೆಂಡಿಗೆ ಏರಿಸಿದ್ದರು, ಆದ್ದರಿಂದ ಅದು ಏದುಸಿರು ಬಿಡುತ್ತಾ ಗುರಿ ಮುಟ್ಟುತ್ತಿತ್ತು. ರೋಗ ಎರಡಕ್ಕೂ ಒಂದೇ; ತಾಳ್ಮೆ ಮಾತ್ರ ಬೇರೆ. ಆ ಒಂದು ಸಾಲನ್ನು ಬದಲಿಸಿದ ಮೇಲೆ ದರದ ಪಟ್ಟಿ ಮರುಕ್ಷಣ ತೆರೆದುಕೊಂಡಿತು.

ಇಂಥಲ್ಲಿ ಪ್ಲಗಿನ್‌ನ ಕಾಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಕೊಡುವುದಿಲ್ಲ. ದೋಷ ಮರೆಯಾಗುತ್ತದೆ, ಗ್ರಾಹಕರು ಮಾತ್ರ ಪ್ರತಿ ಪುಟಕ್ಕೂ ಐದು ಸೆಕೆಂಡು ಕಾಯುತ್ತಲೇ ಇರುತ್ತಾರೆ.

ರಿಸಾಲ್ವ್.ಕಾನ್ಫ್ ಕಡತವನ್ನು ನಾನೇ ತಿದ್ದಬಹುದೇ?

ತಿದ್ದಬಹುದು, ಆದರೆ ಸರ್ವರ್ ಮತ್ತೆ ಚಾಲನೆಯಾದಾಗ ಬದಲಾವಣೆ ಅಳಿಸಿಹೋಗುವ ಸಾಧ್ಯತೆ ಹೆಚ್ಚು. ಈಗಿನ ಉಬುಂಟುವಿನಲ್ಲಿ ಈ ಕಡತ ತಾನಾಗಿ ತಯಾರಾಗುತ್ತದೆ, ಒಳಗೆ 127.0.0.53 ಎಂಬ ಒಂದೇ ವಿಳಾಸವಿರುತ್ತದೆ. ನಿಜವಾದ ಪಟ್ಟಿ ‘ನೆಟ್‌ಪ್ಲಾನ್’ ಸೆಟ್ಟಿಂಗ್‌ನಲ್ಲೋ ಹೋಸ್ಟಿಂಗ್ ಫಲಕದಲ್ಲೋ ಇರುತ್ತದೆ, ಅಲ್ಲಿಯೇ ಬದಲಿಸಬೇಕು. ‘ರಿಸಾಲ್ವ್‌ಸಿಟಿಎಲ್’ ಆದೇಶಕ್ಕೆ ‘ಸ್ಟೇಟಸ್’ ಸೇರಿಸಿ ಕೊಟ್ಟರೆ ಸದ್ಯ ಬಳಕೆಯಲ್ಲಿರುವ ಡಿಎನ್‌ಎಸ್ ಸರ್ವರ್‌ಗಳು ಕಾಣುತ್ತವೆ.

ಸರ್ವರ್‌ನ ಕಮಾಂಡ್ ಲೈನ್‌ನಿಂದ ಕರ್ಲ್ ಮಾಡಿದರೆ ಸಂಪರ್ಕ ಸಿಗುತ್ತದೆ, ತಾಣದಿಂದ ಮಾತ್ರ ಸಿಗುವುದಿಲ್ಲ. ಇದು ಹೇಗೆ ಸಾಧ್ಯ?

ಕಮಾಂಡ್ ಲೈನ್‌ನಲ್ಲಿ ನೀವು ಬಹುಶಃ ‘ರೂಟ್’ ಆಗಿ, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನಾಗಿ ಕುಳಿತಿದ್ದೀರಿ. ತಾಣ ನಡೆಯುವುದು ಪಿಎಚ್‌ಪಿಗೆ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಕೊಟ್ಟ ಬೇರೆ ಬಳಕೆದಾರನ ಹೆಸರಿನಲ್ಲಿ. ಒಬ್ಬರಿಗಿರುವ ದಾರಿ ಇನ್ನೊಬ್ಬರಿಗೆ ಇರಬೇಕೆಂದಿಲ್ಲ.

ರೆಡ್ ಹ್ಯಾಟ್, ಆಲ್ಮಾ, ರಾಕಿ ಲಿನಕ್ಸ್‌ಗಳಲ್ಲಿ ನಾನು ಮೊದಲು ನೋಡುವುದು ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯನ್ನು. ವೆಬ್ ಸರ್ವರ್ ತಾನಾಗಿ ಹೊರಗೆ ಸಂಪರ್ಕ ಮಾಡಬಾರದು ಎಂಬುದು ಅಲ್ಲಿನ ಮೂಲ ನಿಯಮ. ‘ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್’ ಎಂಬ ಸ್ವಿಚ್ ಅಲ್ಲಿ ಮುಚ್ಚಿರುತ್ತದೆ. ಲಕ್ಷಣ ಸ್ಪಷ್ಟ: ಸಂಖ್ಯೆ 7, ಜೊತೆಗೆ ‘ಪರ್ಮಿಷನ್ ಡಿನೈಡ್’ ಎಂಬ ಮಾತು, ಅದೂ ಕಾಯಿಸದೆ ತಕ್ಷಣವೇ. ನೆಟ್‌ವರ್ಕ್ ದೋಷದಲ್ಲಿ ‘ಅನುಮತಿ ಇಲ್ಲ’ ಎಂಬ ಮಾತು ಕಂಡರೆ ಎಸ್‌ಇಲಿನಕ್ಸ್‌ನ ಆಡಿಟ್ ಲಾಗ್ ತೆರೆಯಿರಿ. ‘ಸೆಟ್‌ಸೆಬೂಲ್’ ಆದೇಶದಿಂದ ಆ ಒಂದು ಸ್ವಿಚ್ಚನ್ನು ಶಾಶ್ವತವಾಗಿ ತೆರೆದರೆ ಸಾಕು. ಇಡೀ ಎಸ್‌ಇಲಿನಕ್ಸನ್ನೇ ಆರಿಸಬೇಡಿ. ಬಾಗಿಲ ಒಂದು ಚಿಲಕ ಬಿಗಿಯಾಯಿತೆಂದು ಮನೆಯ ಬಾಗಿಲನ್ನೇ ಯಾರೂ ಕಿತ್ತಿಡುವುದಿಲ್ಲ.

ಉಳಿದ ಕಾರಣಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಕಮಾಂಡ್ ಲೈನ್‌ನ ಪಿಎಚ್‌ಪಿ ಆವೃತ್ತಿಯೂ ತಾಣದ ಪಿಎಚ್‌ಪಿ ಆವೃತ್ತಿಯೂ ಬೇರೆಯಿದ್ದು, ಒಂದರಲ್ಲಿ ಕರ್ಲ್ ವಿಸ್ತರಣೆ ಇಲ್ಲದಿರಬಹುದು. ಕಾಲೇಜು, ಕಚೇರಿಗಳ ಒಳಜಾಲದಲ್ಲಿರುವ ಸರ್ವರ್ ಆದರೆ ನಿಮ್ಮ ಲಾಗಿನ್‌ಗೆ ಪ್ರಾಕ್ಸಿ (ಕರೆಗಳನ್ನು ಹೊರಗೆ ಸಾಗಿಸುವ ಮಧ್ಯವರ್ತಿ ಸರ್ವರ್) ಹೊಂದಿಸಿದ್ದು, ಪಿಎಚ್‌ಪಿಗೆ ಅದು ಗೊತ್ತಿಲ್ಲದಿರಬಹುದು. ಆಗ ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತದಲ್ಲಿ ಪ್ರಾಕ್ಸಿಯ ಹೆಸರು, ಪೋರ್ಟ್ (ಸಂಪರ್ಕದ ಬಾಗಿಲ ಸಂಖ್ಯೆ) ಎರಡನ್ನೂ ಬರೆಯಬೇಕು.

ಫೈರ್‌ವಾಲ್ ತಡೆಯುತ್ತಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಫೈರ್‌ವಾಲ್ ಎಂದರೆ ಒಳಬರುವವರನ್ನು ತಡೆಯುವುದು ಎಂದೇ ನಮ್ಮ ಮನಸ್ಸಿನಲ್ಲಿದೆ. ಹೊರಹೋಗುವುದಕ್ಕೂ ಅದರಲ್ಲಿ ಪಟ್ಟಿ ಇರುತ್ತದೆ. ಸಿಎಸ್‌ಎಫ್ ಎಂಬ ಫೈರ್‌ವಾಲ್ ಬಳಸುವ ಸರ್ವರ್‌ಗಳಲ್ಲಿ ‘ಟಿಸಿಪಿ ಔಟ್’ ಎಂಬ ಸಾಲಿನಲ್ಲಿ ಹೊರಹೋಗಲು ಅನುಮತಿ ಇರುವ ಪೋರ್ಟ್‌ಗಳನ್ನು ಬರೆದಿರುತ್ತಾರೆ. 80, 443 ಸಾಮಾನ್ಯವಾಗಿ ಇರುತ್ತವೆ. ನಿಮ್ಮ ಪ್ಲಗಿನ್ 8443ರಂತಹ ಪೋರ್ಟ್ ಕೇಳಿದರೆ ಅಲ್ಲಿಗೆ ನಿಂತಿತು.

ತಡೆದ ರೀತಿಯೂ ಒಂದು ಸುಳಿವು. ತಕ್ಷಣ 7 ಬಂದರೆ ಯಾರೋ ‘ಇಲ್ಲ’ ಎಂದು ಮುಖಕ್ಕೆ ಹೇಳಿದ್ದಾರೆ: ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ, ಇಲ್ಲವೇ ಫೈರ್‌ವಾಲ್ ನಿರಾಕರಿಸಿದೆ. ಕಾದು 28 ಬಂದರೆ ಫೈರ್‌ವಾಲ್ ಸದ್ದಿಲ್ಲದೆ ನಿಮ್ಮ ಮಾಹಿತಿಯ ಪೊಟ್ಟಣಗಳನ್ನು ಬಿಸಾಡುತ್ತಿರಬಹುದು. ಬೇರೊಂದು ಜಾಲದಿಂದ, ಉದಾಹರಣೆಗೆ ಮನೆಯ ಲ್ಯಾಪ್‌ಟಾಪಿನಿಂದ, ಅದೇ ಹೆಸರು ಅದೇ ಪೋರ್ಟ್‌ಗೆ ಪ್ರಯತ್ನಿಸಿ. ಅಲ್ಲಿ ಸಿಕ್ಕು ಸರ್ವರ್‌ನಲ್ಲಿ ಸಿಗದಿದ್ದರೆ ತಡೆ ನಿಮ್ಮ ಕಡೆಯದು, ಅಥವಾ ಆ ಕಡೆಯವರು ನಿಮ್ಮ ಸರ್ವರ್‌ನ ಐಪಿಯನ್ನೇ ದೂರವಿಟ್ಟಿದ್ದಾರೆ. ಹಲವು ತಾಣಗಳು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಪಕ್ಕದ ತಾಣದವರ ಸ್ಪ್ಯಾಮ್‌ನಿಂದ ಇಡೀ ಐಪಿಗೆ ಹೀಗಾಗುವುದುಂಟು.

ಮೇಲ್ ಕಳುಹಿಸುವ ಪ್ಲಗಿನ್ ಮಾತ್ರ ಸೋಲುತ್ತದೆ. ಪಾಸ್‌ವರ್ಡ್ ಸರಿಯಿದೆ.

ಪೋರ್ಟ್ 25 ಬಳಸುತ್ತಿದ್ದರೆ ಬಿಟ್ಟುಬಿಡಿ. ಅಮೆಜಾನ್‌ನ ಇಸಿ2, ಗೂಗಲ್ ಕ್ಲೌಡ್ ಎರಡೂ ಸ್ಪ್ಯಾಮ್ ತಡೆಯಲು ಹೊರಹೋಗುವ 25ನ್ನು ಮೊದಲಿನಿಂದಲೇ ಮುಚ್ಚಿರುತ್ತವೆ. 587 ಅಥವಾ 465 ಬಳಸಿ.

587 ಹಾಕಿದ ಮೇಲೂ ಆಗದೆ, ಪ್ರಮಾಣಪತ್ರದ ಹೆಸರು ಹೊಂದಲಿಲ್ಲ ಎಂಬ ದೋಷ ಬಂದರೆ ಆ ಹೆಸರನ್ನು ಗಮನವಿಟ್ಟು ಓದಿ. ನೀವು ಕರೆದದ್ದು ಜಿಮೇಲ್‌ನ ಮೇಲ್ ಸರ್ವರನ್ನು, ಪ್ರಮಾಣಪತ್ರದಲ್ಲಿ ಕಾಣುವುದು ನಿಮ್ಮದೇ ಹೋಸ್ಟಿಂಗ್ ಸರ್ವರ್‌ನ ಹೆಸರು! ಸಿಪ್ಯಾನೆಲ್ ಎಂಬ ನಿಯಂತ್ರಣ ಫಲಕವಿರುವ ಸರ್ವರ್‌ಗಳಲ್ಲಿ ‘ಎಸ್‌ಎಂಟಿಪಿ ರಿಸ್ಟ್ರಿಕ್ಷನ್ಸ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಮೇಲ್‌ಗಾಗಿ ಹೊರಡುವ ಸಂಪರ್ಕವನ್ನು ಸರ್ವರ್ ತನ್ನ ಮೇಲ್ ವ್ಯವಸ್ಥೆಗೇ ತಿರುಗಿಸಿಬಿಡುತ್ತದೆ. ರೂಟ್‌ಗೆ ಈ ನಿರ್ಬಂಧವಿಲ್ಲ, ಆದ್ದರಿಂದ ಹೋಸ್ಟಿಂಗ್‌ನವರು ಪರೀಕ್ಷಿಸಿದಾಗ ‘ನಮ್ಮಲ್ಲಿ ಎಲ್ಲ ಸರಿಯಿದೆ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆ ಆಯ್ಕೆಯ ಹೆಸರು ಹೇಳಿ ಕೇಳಿ. ಅವರು ತೆಗೆಯಲು ಒಪ್ಪದಿದ್ದರೆ, 443ರ ಮೂಲಕವೇ ಎಪಿಐ ಬಳಸಿ ಮೇಲ್ ಕಳುಹಿಸುವ ಸೇವೆಗೆ ಹೋಗುವುದು ಒಳ್ಳೆಯದು.

ಕರ್ಲ್ ಎರರ್ 60, 35 ಬಂದಾಗ ‘ಎಸ್‌ಎಸ್‌ಎಲ್ (ಪ್ರಮಾಣಪತ್ರದ) ಪರಿಶೀಲನೆ ಆರಿಸಿ’ ಎಂದು ಯಾರೋ ಹೇಳಿದರು. ಮಾಡಬಹುದೇ?

ಮಾಡಬೇಡಿ. ಬೆಳಿಗ್ಗೆ ಆರಿಸಿ ಸಂಜೆ ಹಾಕುತ್ತೇನೆ ಎಂದುಕೊಂಡೂ ಮಾಡಬೇಡಿ, ಏಕೆಂದರೆ ಸಂಜೆಗೆ ಮರೆತುಹೋಗುತ್ತದೆ. ಪರಿಶೀಲನೆ ಆರಿಸಿದರೆ, ನಡುವೆ ಯಾರು ನಿಂತು ಪೇಮೆಂಟ್ ಗೇಟ್‌ವೇ ತಾನೇ ಎಂದರೂ ನಿಮ್ಮ ಸರ್ವರ್ ನಂಬುತ್ತದೆ. ಅಲ್ಲಿ ಹರಿಯುವುದು ನಿಮ್ಮ ಗ್ರಾಹಕರ ಹಣ, ಅವರ ವಿಳಾಸ, ನಿಮ್ಮ ಗುಟ್ಟಿನ ಕೀಲಿ.

60ಕ್ಕೆ ಸಾಮಾನ್ಯ ಕಾರಣ ಹಳೆಯ ವ್ಯವಸ್ಥೆ. 2021ರ ಸೆಪ್ಟೆಂಬರ್ 30ರಂದು ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರಗಳು ಆಧರಿಸಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಹೊಸ ಮೂಲ ಪ್ರಮಾಣಪತ್ರದ ದಾರಿ ಇದ್ದರೂ, ಸುರಕ್ಷಿತ ಸಂಪರ್ಕದ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ 1.0 ಸರಣಿಯ ಆವೃತ್ತಿಗಳು ಹಳೆಯ ದಾರಿಯನ್ನೇ ಹಿಡಿದು ಸೋತವು. ವರ್ಡ್‌ಪ್ರೆಸ್ ತನ್ನದೇ ಆದ ಪ್ರಮಾಣಪತ್ರಗಳ ಕಡತವನ್ನು ಜೊತೆಗೆ ಇಟ್ಟುಕೊಂಡಿರುತ್ತದೆ. ಅವಧಿ ಮುಗಿದ ಆ ಪ್ರಮಾಣಪತ್ರವನ್ನು ಅದರಿಂದ ತೆಗೆದದ್ದು ಅದೇ ವರ್ಷ ನವೆಂಬರಿನ 5.8.2ರಲ್ಲಿ. ಅಪ್‌ಡೇಟ್ ಆಗದೆ ಉಳಿದ ತಾಣಕ್ಕೆ ಒಂದು ಮುಂಜಾನೆ ಇದ್ದಕ್ಕಿದ್ದಂತೆ ಹೊರಜಗತ್ತು ಮುಚ್ಚಿದಂತಾಗುವುದು ಹೀಗೆ. ವರ್ಡ್‌ಪ್ರೆಸ್, ಸರ್ವರ್‌ನ ಪ್ರಮಾಣಪತ್ರಗಳ ಪ್ಯಾಕೇಜ್, ಓಪನ್‌ಎಸ್‌ಎಸ್‌ಎಲ್ ಮೂರನ್ನೂ ಹೊಸದಾಗಿಸಿ.

35ಕ್ಕೂ ಬಹುಪಾಲು ಇದೇ ಮದ್ದು. ಕಾರ್ಡ್ ಪಾವತಿಯ ಭದ್ರತಾ ನಿಯಮಗಳು ಹಳೆಯ ಟಿಎಲ್‌ಎಸ್‌ಗೆ (ಸುರಕ್ಷಿತ ಸಂಪರ್ಕದ ಪದ್ಧತಿ) 2018ರ ಜೂನ್ 30ರ ಗಡುವು ಕೊಟ್ಟಿದ್ದವು. ಟಿಎಲ್‌ಎಸ್ 1.2 ಬಾರದ ಸರ್ವರ್‌ನೊಂದಿಗೆ ಗೇಟ್‌ವೇಗಳು ಈಗ ಮಾತನ್ನೇ ಆಡುವುದಿಲ್ಲ.

ಸರ್ವರ್‌ನ ಗಡಿಯಾರಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಗಡಿಯಾರ ಹಿಂದಿದ್ದರೆ ನಿನ್ನೆ ಕೊಟ್ಟ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎನಿಸುತ್ತದೆ. ಸಹಿ ಹಾಕಿ ಕಳುಹಿಸುವ ಕೋರಿಕೆಗಳೂ ತಿರಸ್ಕಾರವಾಗುತ್ತವೆ. ಅಮೆಜಾನ್ ಎಸ್3ಗೆ ಬ್ಯಾಕಪ್ ಕಳುಹಿಸುವಾಗ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವನ್ನು ಅದು ಒಪ್ಪುವುದಿಲ್ಲ. ಸರ್ವರ್ ಯುಟಿಸಿಯಲ್ಲಿದ್ದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ ಕಂಡರೆ ಅದು ದೋಷವಲ್ಲ. ‘ಟೈಮ್‌ಡೇಟ್‌ಸಿಟಿಎಲ್’ ಆದೇಶ ಕೊಟ್ಟು ಯುಟಿಸಿ ಸಮಯ ಸರಿಯಿದೆಯೇ, ಸಮಯ ಹೊಂದಾಣಿಕೆ ಚಾಲೂ ಇದೆಯೇ ಎಂದಷ್ಟೇ ನೋಡಿ.

ನಮ್ಮ ಸರ್ವರ್‌ನ ಐಪಿಯನ್ನು ಆ ಕಡೆಯವರ ಅನುಮತಿ ಪಟ್ಟಿಗೆ ಸೇರಿಸಿದ್ದೇವೆ. ಆದರೂ ಕೆಲವೊಮ್ಮೆ ತಿರಸ್ಕಾರವಾಗುತ್ತದೆ.

‘ಕೆಲವೊಮ್ಮೆ’ ಎಂಬ ಮಾತು ಬಂದರೆ ನನ್ನ ಮೊದಲ ಅನುಮಾನ ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸದ ಮೇಲೆ. ನೀವು ಪಟ್ಟಿಗೆ ಕೊಟ್ಟದ್ದು ಹಳೆಯ ಬಗೆಯ ಐಪಿವಿ4 ವಿಳಾಸ. ಸರ್ವರ್‌ಗೆ ಐಪಿವಿ6 ಕೂಡ ಇದ್ದು, ಆ ಕಡೆಯವರೂ ಅದನ್ನು ಒಪ್ಪುವಂತಿದ್ದರೆ, ಕರೆ ಐಪಿವಿ6ರಿಂದಲೇ ಹೊರಡುತ್ತದೆ. ಕರ್ಲ್ ಮೊದಲು ಐಪಿವಿ6 ಪ್ರಯತ್ನಿಸಿ, 200 ಮಿಲಿಸೆಕೆಂಡಿನಲ್ಲಿ ಕೂಡದಿದ್ದರೆ ಐಪಿವಿ4ನ್ನೂ ಜೊತೆಯಲ್ಲೇ ಪ್ರಯತ್ನಿಸುತ್ತದೆ. ಆದ್ದರಿಂದ ಒಂದು ಕರೆ ಈ ವಿಳಾಸದಿಂದ, ಇನ್ನೊಂದು ಆ ವಿಳಾಸದಿಂದ ಹೋಗುವುದು ಸಹಜ. ಆ ಕಡೆಯವರ ಪಟ್ಟಿಗೆ ಎರಡೂ ವಿಳಾಸಗಳನ್ನು ಸೇರಿಸಿ. ಇನ್ನೊಂದು ವಿಷಯ: ತಾಣದ ಡೊಮೈನ್ ತೋರಿಸುವ ಐಪಿಯೂ ಸರ್ವರ್ ಹೊರಹೋಗುವ ಐಪಿಯೂ ಒಂದೇ ಆಗಿರಬೇಕಿಲ್ಲ. ತಾಣದ ಮುಂದೆ ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆ ಇದ್ದರಂತೂ ಒಂದೇ ಆಗಿರುವುದಿಲ್ಲ.

‘ಲೂಪ್‌ಬ್ಯಾಕ್ ಕೋರಿಕೆ ವಿಫಲ’ ಎಂದು ಸೈಟ್ ಹೆಲ್ತ್ ಹೇಳುತ್ತದೆ. ತಾಣ ಮಾತ್ರ ತೆರೆಯುತ್ತದೆ. ತಲೆಕೆಡಿಸಿಕೊಳ್ಳಬೇಕೇ?

ಹೌದು. ನಿಗದಿತ ಸಮಯಕ್ಕೆ ಕೆಲಸ ನಡೆಸುವ ವರ್ಡ್‌ಪ್ರೆಸ್‌ನ ಒಳಗಿನ ವ್ಯವಸ್ಥೆ, ಅಂದರೆ ಡಬ್ಲ್ಯೂಪಿ-ಕ್ರಾನ್, ಯಾರಾದರೂ ಪುಟ ತೆರೆದಾಗ ತನ್ನದೇ ತಾಣಕ್ಕೆ ಒಂದು ಸಣ್ಣ ಕರೆ ಮಾಡಿ ಕೆಲಸ ಶುರುಮಾಡುತ್ತದೆ. ಆ ಕರೆ ಸೋತರೆ ಬೆಳಿಗ್ಗೆ ಆರಕ್ಕೆಂದು ಇಟ್ಟ ಲೇಖನ ಪ್ರಕಟವಾಗುವುದಿಲ್ಲ, ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತದೆ, ಸಾಲಿನಲ್ಲಿರುವ ಮೇಲ್‌ಗಳು ಅಲ್ಲೇ ಕೂರುತ್ತವೆ.

ಕಾಲೇಜಿನ ಒಳಗೆ, ರೂಟರ್‌ನ ಹಿಂದೆ ಇರುವ ಸರ್ವರ್‌ಗಳಲ್ಲಿ ಇದು ಹೆಚ್ಚು. ಡೊಮೈನ್ ಹೆಸರು ಹೊರಗಿನ ಐಪಿಯನ್ನು ತೋರಿಸುತ್ತದೆ. ಒಳಗಿನಿಂದ ಹೊರಟ ಕರೆ ರೂಟರ್‌ವರೆಗೆ ಹೋಗಿ ತಿರುಗಿ ಒಳಗೆ ಬರಬೇಕು. ಎಷ್ಟೋ ರೂಟರ್‌ಗಳು ಹಾಗೆ ತಿರುಗಿಸುವುದಿಲ್ಲ. ಸರ್ವರ್‌ನ ‘ಹೋಸ್ಟ್ಸ್’ ಕಡತದಲ್ಲಿ ಮೊದಲು 127.0.0.1 (ಸರ್ವರ್ ತನ್ನನ್ನೇ ಸೂಚಿಸುವ ವಿಳಾಸ) ಅಥವಾ ಒಳಗಿನ ಐಪಿ, ಅದರ ಪಕ್ಕ ತಾಣದ ಹೆಸರು ಬರೆದರೆ ಸರಿಹೋಗುತ್ತದೆ. ಬರೆದ ದಿನಾಂಕವನ್ನು ಟಿಪ್ಪಣಿಯಾಗಿ ಪಕ್ಕದಲ್ಲೇ ಇಡಿ. ಮುಂದೊಂದು ದಿನ ತಾಣ ಬೇರೆ ಸರ್ವರ್‌ಗೆ ಹೋದಾಗ ಈ ಸಾಲು ಮರೆತು ಉಳಿದರೆ ಅದೇ ಹೊಸ ಸಮಸ್ಯೆಯ ಬೇರು.

ಪರೀಕ್ಷಾ ತಾಣಕ್ಕೆ ಹೆಸರು-ಪಾಸ್‌ವರ್ಡಿನ ಬೀಗ ಹಾಕಿದ್ದರೆ ಸರ್ವರ್‌ಗೂ ಅದೇ ಬೀಗ ಅಡ್ಡ ಬರುತ್ತದೆ. ಮತ್ತೊಂದು ಕಾರಣ ನೆಟ್‌ವರ್ಕ್‌ನಂತೆ ಕಂಡರೂ ನೆಟ್‌ವರ್ಕ್ ಅಲ್ಲ: ಪಿಎಚ್‌ಪಿಗೆ ಐದೇ ಕೆಲಸಗಾರರನ್ನು ಕೊಟ್ಟಿದ್ದು, ಐವರೂ ಪುಟ ತಯಾರಿಸುವುದರಲ್ಲಿ ಮುಳುಗಿದ್ದರೆ, ಸರ್ವರ್ ತನಗೆ ತಾನೇ ಮಾಡಿದ ಕರೆಯನ್ನು ಎತ್ತಿಕೊಳ್ಳಲು ಆರನೆಯವನಿಲ್ಲ. ಬೆಳಿಗ್ಗೆ ಮತ್ತು ಸಂಜೆ ದಟ್ಟಣೆಯ ಹೊತ್ತಿನಲ್ಲಷ್ಟೇ ದೋಷ ಬಂದರೆ ಇದನ್ನು ನೋಡಿ.

ಏನೂ ಆಗದಿದ್ದರೆ ಡಬ್ಲ್ಯೂಪಿ-ಕ್ರಾನ್ ನಿಲ್ಲಿಸಿ, ಸರ್ವರ್‌ನ ನಿಜವಾದ ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಪಿಎಚ್‌ಪಿ ಮೂಲಕ ಅದನ್ನು ನಡೆಸಿ. ಓದುಗರಿರುವ ಪತ್ರಿಕೆಯ ತಾಣಗಳಿಗೆ ನಾನು ಮೊದಲ ದಿನವೇ ಹೀಗೆ ಮಾಡುತ್ತೇನೆ.

ಗ್ರಾಹಕರ ಹಣ ಕಡಿತವಾಗಿದೆ, ಗೇಟ್‌ವೇಯಲ್ಲಿ ‘ಯಶಸ್ವಿ’ ಎಂದಿದೆ, ನಮ್ಮಲ್ಲಿ ಆರ್ಡರ್ ‘ಬಾಕಿ’. ಯಾರ ತಪ್ಪು?

ಇದು ಒಳಬರುವ ಕರೆ, ಆದ್ದರಿಂದ ಪ್ಲಗಿನ್‌ನ ಲಾಗ್‌ನಲ್ಲಿ ಏನೂ ಸಿಗದೇ ಇರಬಹುದು. ಗೇಟ್‌ವೇಯ ಫಲಕದಲ್ಲಿ ವೆಬ್‌ಹುಕ್ ವಿತರಣೆಯ ದಾಖಲೆ ತೆರೆಯಿರಿ. ಪ್ರತಿ ಪ್ರಯತ್ನಕ್ಕೂ ನಿಮ್ಮ ಸರ್ವರ್ ಕೊಟ್ಟ ಉತ್ತರದ ಸಂಖ್ಯೆ ಅಲ್ಲಿರುತ್ತದೆ. ಆಮೇಲೆ ಅದೇ ಸಮಯದ ನಿಮ್ಮ ಆ್ಯಕ್ಸೆಸ್ ಲಾಗ್, ಅಂದರೆ ವೆಬ್ ಸರ್ವರ್‌ಗೆ ಬಂದ ಕರೆಗಳ ದಾಖಲೆ ನೋಡಿ.

ಆ್ಯಕ್ಸೆಸ್ ಲಾಗ್‌ನಲ್ಲಿ ಸಾಲೇ ಇಲ್ಲ ಎಂದರೆ ಕರೆ ವೆಬ್ ಸರ್ವರ್‌ವರೆಗೆ ಬಂದಿಲ್ಲ; ಫೈರ್‌ವಾಲ್ ಅಥವಾ ಮುಂದಿರುವ ಕ್ಲೌಡ್‌ಫ್ಲೇರ್ ತಡೆದಿದೆ. ‘ಭಾರತದಿಂದ ಬಂದವರಿಗೆ ಮಾತ್ರ ಪ್ರವೇಶ’ ಎಂಬ ನಿಯಮ ಹಾಕಿಕೊಂಡ ಅಂಗಡಿಗಳನ್ನು ನೋಡಿದ್ದೇನೆ. ಗ್ರಾಹಕರು ಭಾರತದವರಾದರೂ ಹಣದ ಸುದ್ದಿ ತರುವ ಯಂತ್ರ ಬೇರೆ ದೇಶದಲ್ಲಿರಬಹುದು. ಕ್ಲೌಡ್‌ಫ್ಲೇರ್‌ನ ‘ನೀವು ಮನುಷ್ಯರೇ’ ಎಂಬ ತಪಾಸಣೆಯನ್ನು ಯಂತ್ರ ದಾಟಲಾರದು, ಆದ್ದರಿಂದ ವೆಬ್‌ಹುಕ್‌ನ ದಾರಿಗೆ ವಿನಾಯಿತಿ ಕೊಡಬೇಕು. ಲಾಗ್‌ನಲ್ಲಿ 403 ಅಥವಾ 406 ಇದ್ದರೆ ವೆಬ್ ಸರ್ವರ್‌ನ ಕಾವಲು ತಂತ್ರಾಂಶವಾದ ಮಾಡ್‌ಸೆಕ್ಯುರಿಟಿಯ ನಿಯಮವೊಂದು ಹಿಡಿದಿರಬಹುದು. ನಿಯಮದ ಸಂಖ್ಯೆ ಅದರ ಲಾಗ್‌ನಲ್ಲಿ ಸಿಗುತ್ತದೆ, ಅದೊಂದನ್ನು ಆ ವಿಳಾಸಕ್ಕಷ್ಟೇ ಸಡಿಲಿಸಿ. 301 ಇದ್ದರೆ ನೀವು ಕೊಟ್ಟ ವಿಳಾಸದಲ್ಲೇ ತಪ್ಪಿದೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದಕ್ಕೂ ಇಲ್ಲದ್ದಕ್ಕೂ ನಡುವೆ ತಾಣ ದಾರಿ ತಿರುಗಿಸುತ್ತಿದೆ, ತಿರುವಿನಲ್ಲಿ ಹಣದ ವಿವರ ಬಿದ್ದುಹೋಗುತ್ತಿದೆ. ಕೊನೆಯ ನಿಲ್ದಾಣದ ವಿಳಾಸವನ್ನೇ ಗೇಟ್‌ವೇಗೆ ಕೊಡಿ.

ಜೆಟ್‌ಪ್ಯಾಕ್‌ನಂತಹ ಪ್ಲಗಿನ್‌ಗಳಿಗೆ ಹೊರಗಿನ ಸೇವೆ ತಾಣದೊಡನೆ ಮಾತಾಡುವ ಎಕ್ಸ್‌ಎಂಎಲ್-ಆರ್‌ಪಿಸಿ ಕಡತ ತೆರೆದಿರಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭದ್ರತೆಗೆಂದು ಅದನ್ನು ಮುಚ್ಚಿಸಿ ಮರೆತವರು ಬಹಳ.

ಸಂಪರ್ಕ ಕೂಡುತ್ತದೆ, ಆಮೇಲೆ ಹಾಗೇ ನಿಂತುಬಿಡುತ್ತದೆ. ಸಣ್ಣ ಉತ್ತರ ಬರುತ್ತದೆ, ದೊಡ್ಡದು ಬರುವುದಿಲ್ಲ.

ಎಂಟಿಯು ನೋಡಿ, ಅಂದರೆ ಒಂದು ಪೊಟ್ಟಣದ ಗರಿಷ್ಠ ಗಾತ್ರ. ಸಾಮಾನ್ಯವಾಗಿ 1500 ಬೈಟ್. ನಡುವೆ ವಿಪಿಎನ್ ಅಥವಾ ಸುರಂಗ ಸಂಪರ್ಕ ಇದ್ದರೆ ಅದಕ್ಕಿಂತ ಕಡಿಮೆ. ವೈರ್‌ಗಾರ್ಡ್ ಎಂಬ ವಿಪಿಎನ್ ಸಾಮಾನ್ಯವಾಗಿ ಬಳಸುವುದು 1420. ದೊಡ್ಡ ಪೊಟ್ಟಣ ದಾರಿಯಲ್ಲಿ ಸಿಕ್ಕಿಬೀಳುತ್ತದೆ, ‘ಗಾತ್ರ ತಗ್ಗಿಸು’ ಎಂದು ಹಿಂದಿರುಗಬೇಕಾದ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ನುಂಗುತ್ತದೆ. ಒಡೆಯಬಾರದು ಎಂಬ ಸೂಚನೆಯೊಂದಿಗೆ 1472 ಬೈಟಿನ ಪಿಂಗ್ ಕಳುಹಿಸಿ. ಶಿರೋಭಾಗದ 28 ಸೇರಿ 1500 ಆಗುತ್ತದೆ. ಅದು ಹೋಗದೆ 1300ರದ್ದು ಹೋದರೆ ಕಾರಣ ಸಿಕ್ಕಂತೆ.

ಡಾಕರ್‌ನಲ್ಲಿ ತಾಣ ನಡೆಸುತ್ತೇವೆ. ರೆಡಿಸ್ ಪ್ಲಗಿನ್‌ಗೆ 127.0.0.1 ಕೊಟ್ಟರೂ ಸಿಗುವುದಿಲ್ಲ.

ಡಾಕರ್ ಪ್ರತಿ ತಂತ್ರಾಂಶವನ್ನೂ ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ನಡೆಸುತ್ತದೆ. ಕಂಟೇನರ್ ಒಳಗೆ 127.0.0.1 ಎಂದರೆ ಆ ಕಂಟೇನರ್ ಮಾತ್ರ. ಮಾಹಿತಿಯನ್ನು ಬೇಗ ಸಿಗುವಂತೆ ಇಟ್ಟುಕೊಳ್ಳುವ ರೆಡಿಸ್ ಪಕ್ಕದ ಕಂಟೇನರ್‌ನಲ್ಲಿದೆ. ಕಂಪೋಸ್ ಕಡತದಲ್ಲಿ ಆ ಸೇವೆಗೆ ಕೊಟ್ಟ ಹೆಸರನ್ನೇ ವಿಳಾಸವಾಗಿ ಬರೆಯಿರಿ; ಪೋರ್ಟ್ 6379.

ಸರ್ವರ್ ಪೂರ್ತಿ ಸರಿಯಿದೆ, ಆದರೂ ಯಾವ ಪ್ಲಗಿನ್ ಕೂಡ ಹೊರಗೆ ಹೋಗುವುದಿಲ್ಲ.

ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತದಲ್ಲಿ ‘ಡಬ್ಲ್ಯೂಪಿ ಎಚ್‌ಟಿಟಿಪಿ ಬ್ಲಾಕ್ ಎಕ್ಸ್‌ಟರ್ನಲ್’ ಎಂಬ ಸಾಲು ಹುಡುಕಿ. ಹಿಂದೆ ತಾಣ ನೋಡಿಕೊಂಡವರು ವೇಗಕ್ಕೆಂದೋ ಭದ್ರತೆಗೆಂದೋ ಹಾಕಿರಬಹುದು. ಅದರ ಜೊತೆಗಿನ ‘ಆ್ಯಕ್ಸೆಸಿಬಲ್ ಹೋಸ್ಟ್ಸ್’ ಸಾಲಿನಲ್ಲಿ ಬೇಕಾದ ಡೊಮೈನ್‌ಗಳನ್ನು ಸೇರಿಸಬಹುದು.

ನಮ್ಮ ಡೊಮೈನ್ ಕನ್ನಡದಲ್ಲೇ ಇದೆ, ಕೊನೆಯಲ್ಲಿ ‘.ಭಾರತ’. ಪರವಾನಗಿ ಕೀಲಿ ಒಪ್ಪುತ್ತಿಲ್ಲ.

ಕನ್ನಡದ ಡೊಮೈನ್ ತೆಗೆದುಕೊಂಡವರನ್ನು ಕಂಡರೆ ನನಗೆ ಸಂತೋಷವಾಗುತ್ತದೆ, ಆದ್ದರಿಂದ ಈ ಉತ್ತರ ಅವರಿಗಾಗಿಯೇ. ಡಿಎನ್‌ಎಸ್‌ನಲ್ಲಿ ಕನ್ನಡ ಅಕ್ಷರಗಳು ಪ್ಯೂನಿಕೋಡ್ ಎಂಬ ರೂಪಕ್ಕೆ ತಿರುಗಿರುತ್ತವೆ; ಆ ರೂಪ ಎಕ್ಸ್‌, ಎನ್ ಎಂಬ ಎರಡು ರೋಮನ್ ಅಕ್ಷರ ಮತ್ತು ಎರಡು ಅಡ್ಡಗೆರೆಯಿಂದ ಆರಂಭವಾಗುತ್ತದೆ. ಪ್ಲಗಿನ್ ಬರೆದವರು ಇದನ್ನು ಯೋಚಿಸದಿದ್ದರೆ ಕನ್ನಡ ಹೆಸರು ಅವರ ಪರಿಶೀಲನೆಯಲ್ಲಿ ‘ಅಮಾನ್ಯ’ ಆಗುತ್ತದೆ. ವರ್ಡ್‌ಪ್ರೆಸ್‌ನ ಸಾಮಾನ್ಯ ಸೆಟ್ಟಿಂಗ್‌ನ ತಾಣದ ವಿಳಾಸದಲ್ಲಿ ಪ್ಯೂನಿಕೋಡ್ ರೂಪವನ್ನೇ ಬಳಸಿ, ಪರವಾನಗಿ ನೋಂದಣಿಯಲ್ಲೂ ಅದನ್ನೇ ಕೊಡಿ. ಮತ್ತು ದಯವಿಟ್ಟು ಪ್ಲಗಿನ್ ತಯಾರಕರಿಗೆ ಒಂದು ಪತ್ರ ಬರೆಯಿರಿ. ಯಾರೂ ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ.

ಶೇರ್ಡ್ ಹೋಸ್ಟಿಂಗ್, ಕಮಾಂಡ್ ಲೈನ್ ಇಲ್ಲ. ಪರೀಕ್ಷಿಸುವುದು ಹೇಗೆ?

ಸಿಪ್ಯಾನೆಲ್‌ನಲ್ಲಿ ಟರ್ಮಿನಲ್ ಕೊಟ್ಟಿದ್ದಾರೆಯೇ ನೋಡಿ. ಇಲ್ಲದಿದ್ದರೆ ಕರ್ಲ್ ಮೂಲಕ ಒಂದೇ ವಿಳಾಸಕ್ಕೆ ಹೋಗಿ, ಹೆಸರು ಬಿಡಿಸಲು, ಸಂಪರ್ಕ ಕೂಡಲು, ಟಿಎಲ್‌ಎಸ್ ಮುಗಿಯಲು ಹಿಡಿದ ಸಮಯವನ್ನು ಬೇರೆಬೇರೆಯಾಗಿ ಮುದ್ರಿಸುವ ಹತ್ತು ಸಾಲಿನ ಪಿಎಚ್‌ಪಿ ಕಡತ ಸಾಕು. ಇದರಲ್ಲಿ ಒಂದು ಲಾಭವಿದೆ: ಅದು ತಾಣದ ಬಳಕೆದಾರನ ಹೆಸರಿನಲ್ಲೇ ನಡೆಯುತ್ತದೆ, ರೂಟ್‌ನ ಗೊಂದಲವಿಲ್ಲ. ಊಹಿಸಲಾಗದ ಹೆಸರಿಟ್ಟು, ಕೆಲಸ ಮುಗಿದ ಕೂಡಲೇ ಅಳಿಸಿಹಾಕಿ.

ಹೋಸ್ಟಿಂಗ್‌ನವರಿಗೆ ದೂರು ಬರೆದರೆ ‘ಪ್ಲಗಿನ್ ತಯಾರಕರನ್ನು ಕೇಳಿ’ ಎನ್ನುತ್ತಾರೆ. ಅವರು ‘ಹೋಸ್ಟಿಂಗ್‌ನವರನ್ನು ಕೇಳಿ’ ಎನ್ನುತ್ತಾರೆ.

‘ಪ್ಲಗಿನ್ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಆ ಉತ್ತರವೇ ಬರುತ್ತದೆ. ದೂರಿನಲ್ಲಿ ಪ್ಲಗಿನ್‌ನ ಹೆಸರನ್ನೇ ಎತ್ತಬೇಡಿ. ನಾನು ಬರೆಯುವುದು ಹೀಗೆ: ‘ಇಂಥ ದಿನ, ಭಾರತೀಯ ಕಾಲಮಾನ ಬೆಳಿಗ್ಗೆ 10.42, ಯುಟಿಸಿ 05.12ಕ್ಕೆ, ಈ ಐಪಿಯ ಸರ್ವರ್‌ನಿಂದ ಈ ಹೆಸರಿನ 443ನೇ ಪೋರ್ಟ್‌ಗೆ ಪಿಎಚ್‌ಪಿ ಬಳಕೆದಾರನಾಗಿ ಸಂಪರ್ಕಿಸಿದಾಗ ಕರ್ಲ್ 28 ಬಂದಿದೆ. ಹೆಸರು ಬಿಡಿಸಲು 5 ಸೆಕೆಂಡು ಹಿಡಿದಿದೆ. ಬೇರೊಂದು ಜಾಲದಿಂದ ಅದೇ ವಿಳಾಸ ತಕ್ಷಣ ಸಿಗುತ್ತದೆ. ನಿಮ್ಮ ಮೊದಲ ಡಿಎನ್‌ಎಸ್ ಸರ್ವರ್ ಉತ್ತರಿಸುತ್ತಿದೆಯೇ ನೋಡಿ. ದಯವಿಟ್ಟು ರೂಟ್ ಆಗಿ ಪರೀಕ್ಷಿಸಬೇಡಿ.’ ಜೊತೆಗೆ ಲಾಗ್‌ನ ಪೂರ್ತಿ ಸಾಲನ್ನು ಪಠ್ಯವಾಗಿ ಸೇರಿಸಿ. ಪರದೆಯ ಚಿತ್ರ ಬೇಡ, ಅದರಿಂದ ನಕಲು ಮಾಡಿ ಹುಡುಕಲು ಅವರಿಗೆ ಆಗುವುದಿಲ್ಲ. ಕೀಲಿ, ಪಾಸ್‌ವರ್ಡ್ ಕಾಣುವಂತಿದ್ದರೆ ಕಳುಹಿಸುವ ಮೊದಲು ಅಳಿಸಿ.

ಪುಸ್ತಕ ಮಳಿಗೆಯ ವಿಷಯದಲ್ಲಿ ಮಾಲೀಕರು ಮೂರು ವಾರ ಬರೆದ ಪತ್ರಗಳಿಗೆ ಅದೇ ಸಿದ್ಧ ಉತ್ತರ ಬಂದಿತ್ತು. ಹೀಗೆ ಬರೆದ ಪತ್ರಕ್ಕೆ ಅದೇ ದಿನ ಮಧ್ಯಾಹ್ನ, ತಪ್ಪು ಒಪ್ಪಿಕೊಂಡು, ಡಿಎನ್‌ಎಸ್ ವಿಳಾಸ ಬದಲಿಸಿದ್ದೇವೆ ಎಂಬ ಎರಡು ಸಾಲಿನ ಉತ್ತರ ಬಂತು.